ಅಂಗಳದ ಹುಲ್ಲು, ನೆರೆಯವರ ಕೊಡ



ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಯೊಂದಕ್ಕೆ ಮನೆ ಆಶೀರ್ವದಿಸಲು ಹೋಗಿದ್ದೆ. ಮೂವತ್ತು ನಲವತ್ತು ಅಳತೆಯ ನಿವೇಶನ. ಗಂಡ ಹೆಂಡತಿ ಇಬ್ಬರೂ ದುಡಿದು, ಸಾಲ ಮಾಡಿ, ಹನ್ನೆರಡು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಕಟ್ಟಿದ ಮನೆ. ಕೋಣೆ ಕೋಣೆಗೂ ತೀರ್ಥ ಪ್ರೋಕ್ಷಿಸಿ, ಶಿಲುಬೆಯನ್ನು ಗೋಡೆಗೆ ಏರಿಸಿ, ಕೊನೆಗೆ ಮುಂಬಾಗಿಲಿಗೆ ಬಂದಾಗ ಮನೆಯೊಡತಿ ನನ್ನನ್ನು ಪಕ್ಕಕ್ಕೆ ಕರೆದು ಒಂದು ಸಣ್ಣ ಜಾಗವನ್ನು ತೋರಿಸಿದರು. ಹತ್ತಡಿ ಉದ್ದ, ಹತ್ತಡಿ ಅಗಲದ ಹಸಿರು ಹುಲ್ಲುಹಾಸು. “ಫಾದರ್, ಇದಕ್ಕೂ ಒಂದಿಷ್ಟು ತೀರ್ಥ ಹಾಕಿ. ಎಷ್ಟು ನೀರು ಹಾಕಿದರೂ ಅಂಚೆಲ್ಲ ಒಣಗುತ್ತಿದೆ” ಎಂದು ನಗುತ್ತಾ ಹೇಳಿದರು. ನಾನೂ ನಗುತ್ತಾ ಹಾಕಿದೆ.

ಕಾಫಿ ಕುಡಿಯುವಾಗ ನೀರಿನ ಮಾತು ಬಂದಿತು. ಕುಡಿಯುವುದಕ್ಕೆ ಕ್ಯಾನಿನ ನೀರು, ಉಳಿದ ಬಳಕೆಗೆ ಬೋರ್‌ವೆಲ್ಲಿನ ನೀರು, ಅದೂ ಸಾಲದ ದಿನ ಟ್ಯಾಂಕರ್ ಎಂದರು. ನನ್ನ ಕಣ್ಣು ಮತ್ತೊಮ್ಮೆ ಹುಲ್ಲಿನ ಕಡೆಗೆ ಹೋದದ್ದನ್ನು ಆಕೆ ಗಮನಿಸಿರಬೇಕು. “ನಮ್ಮ ಜಾಗ, ನಮ್ಮ ಬೋರ್‌ವೆಲ್, ಕರೆಂಟ್ ಬಿಲ್ಲು ಕಟ್ಟುವವರೂ ನಾವೇ. ಇದರಲ್ಲಿ ಪಾಪವೇನಾದರೂ ಇದೆಯೇ ಫಾದರ್?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಪ್ರಾಮಾಣಿಕತೆಯಿತ್ತು. ಹೊಸ ಮನೆಯ ಸಂತೋಷದ ದಿನ ಅದಕ್ಕೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಮಾತು ಬೇರೆಡೆಗೆ ತಿರುಗಿಸಿ ಎದ್ದು ಬಂದೆ. ತಡವಾದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಆಕೆಯ ಪ್ರಶ್ನೆ ನಿಮ್ಮಲ್ಲಿ ಅನೇಕರದೂ ಆಗಿರಬಹುದು. ಮತ್ತು ಅದರಿಂದ ತಪ್ಪಿಸಿಕೊಳ್ಳಲು ನನಗೆ ಸ್ವಂತ ಕಾರಣವೊಂದಿತ್ತು.

ಮೊದಲೇ ಹೇಳಿಬಿಡುತ್ತೇನೆ: ಪಾಪನಿವೇದನೆಗೆ ಮುನ್ನ ಮಾಡುವ ಆತ್ಮಪರಿಶೋಧನೆಯ ಪಟ್ಟಿಗೆ ಹುಲ್ಲುಹಾಸು ಎಂಬ ಹೊಸ ಪಾಪವೊಂದನ್ನು ಸೇರಿಸುವ ಉದ್ದೇಶ ನನಗಿಲ್ಲ. ಸಂಸಾರಸ್ಥರ ಹೆಗಲ ಮೇಲೆ ಈಗಾಗಲೇ ಬೇಕಾದಷ್ಟು ಭಾರವಿದೆ. ಆದರೆ ಒಂದು ಕೃತ್ಯ ಪಾಪವೋ ಅಲ್ಲವೋ ಎಂದು ಕೇಳುವುದಕ್ಕೆ ಮುಂಚೆ ಆ ಕೃತ್ಯ ಯಾವುದು, ಅದು ಯಾರನ್ನು ತಟ್ಟುತ್ತದೆ ಎಂದು ತಿಳಿಯಬೇಕೆಂಬುದು ನೈತಿಕ ದೈವಶಾಸ್ತ್ರದ ಮೊದಲ ಪಾಠ. ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಹಸಿರಾಗಿರುವ ಹುಲ್ಲು ದಿನಕ್ಕೆ ಸುಮಾರು 5 ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿ ಗಾಳಿಗೆ ಬಿಡುತ್ತದೆ. ಅಷ್ಟನ್ನು ನಾವು ತುಂಬಿಕೊಡದಿದ್ದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಹತ್ತಡಿಗೆ ಹತ್ತಡಿ ಎಂದರೆ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಆ ಪುಟ್ಟ ಹುಲ್ಲುಹಾಸಿಗೆ ದಿನವೊಂದಕ್ಕೆ 45 ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬೇಕು. ಪೈಪಿನಲ್ಲಿ ಸೋರಿ, ಕಲ್ಲುಹಾಸಿನ ಮೇಲೆ ಹರಿದುಹೋಗುವುದು ಬೇರೆ. ಇನ್ನು 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿರುವುದು 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಎಲ್ಲಕ್ಕೂ ಸೇರಿ. ಹೆಚ್ಚುಕಡಿಮೆ ಒಬ್ಬ ಮನುಷ್ಯನ ಪಾಲನ್ನು ಬಾಗಿಲ ಬಳಿಯ ಹುಲ್ಲು ಕುಡಿಯುತ್ತಿದೆ. ಮನೆಯಲ್ಲಿ ಒಬ್ಬ ಅತಿಥಿ ಖಾಯಮಾಗಿ ಉಳಿದುಕೊಂಡಂತೆ; ವ್ಯತ್ಯಾಸವೆಂದರೆ ಆ ಅತಿಥಿಯ ಖರ್ಚನ್ನು ಭರಿಸುವವರು ನಾವೊಬ್ಬರೇ ಅಲ್ಲ.

2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತ್ತು. ಮರುವರ್ಷ, 2024ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಪ್ರಕಟಿಸಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಬೆಟ್ಟವೇರಿಸಿದಂತೆ ಪಂಪುಗಳ ಬಲದಿಂದ ಎತ್ತಿ ತಂದ ಕಾವೇರಿಯ ನೀರದು. ದಂಡದ ಭಯದಿಂದ ಅಂದು ಪೈಪು ಮುಚ್ಚಿದವರು ಮಳೆ ಬಂದ ಮೇಲೆ ಮತ್ತೆ ತೆರೆದರು. ಕಾನೂನಿನ ಸ್ವಭಾವವೇ ಅಷ್ಟು. ಅದು ಕೈಯನ್ನು ತಡೆಯಬಲ್ಲದು, ಮನಸ್ಸನ್ನಲ್ಲ.

ಈಗ ನನ್ನ ಕಥೆ.

2003ರ ಬೇಸಿಗೆ. ಬಯಲುಸೀಮೆಯ ಸಣ್ಣ ಊರೊಂದರ ಧರ್ಮಕೇಂದ್ರಕ್ಕೆ ನಾನು ಗುರುವಾಗಿ ಹೋಗಿ ಎರಡನೆಯ ವರ್ಷ. ರಾಜ್ಯದಲ್ಲಿ ಸತತವಾಗಿ ಬರ ಬಿದ್ದಿದ್ದ ಕಾಲವದು. ದೇವಾಲಯದ ಎದುರು ಲೂರ್ದುಮಾತೆಯ ಗವಿಯೊಂದಿತ್ತು. ಸುತ್ತ ಬರೀ ಕೆಂಪು ಮಣ್ಣು. ಹಬ್ಬಕ್ಕೆ ಬಿಷಪರು ಬರುವವರಿದ್ದರು. ವಯಸ್ಸಿನ ಉತ್ಸಾಹ, ಸೆಮಿನರಿಯ ಅಂಗಳದಲ್ಲಿ ಕಂಡಿದ್ದ ಹಸಿರಿನ ನೆನಪು, ದಾನಿಗಳೊಬ್ಬರು ಕೊಟ್ಟ ಹಣ ಎಲ್ಲ ಸೇರಿ ಗವಿಯ ಮುಂದೆ ನಲವತ್ತಡಿ ಅಗಲ, ಅರವತ್ತಡಿ ಉದ್ದಕ್ಕೆ ಹುಲ್ಲುಹಾಸು ಹಾಕಿಸಿದೆ. ಹಬ್ಬದ ದಿನ ಎಲ್ಲರೂ ಹೊಗಳಿದರು. ಹೊಗಳಿಕೆ ಕಿವಿಗೆ ಇಂಪಾಗಿತ್ತೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಿಲ್ಲ. ನಾಚಿಕೆ ಬೇರೆ ವಿಷಯಕ್ಕೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಆ ದಿನಗಳಲ್ಲಿ ಮೂರು ಫೇಸಿನ ಕರೆಂಟು ಬರುತ್ತಿದ್ದುದೇ ಕೆಲವು ಗಂಟೆ. ಆ ಹೊತ್ತಿನಲ್ಲೇ ಮೋಟಾರು ಓಡಿಸಿ ಎಲ್ಲ ಕೆಲಸ ಮುಗಿಸಬೇಕು. ನಾನೇ ನಿಂತು ಹುಲ್ಲಿಗೆ ನೀರು ಬಿಡಿಸುತ್ತಿದ್ದೆ. ರಸ್ತೆಯಾಚೆಯ ಕೇರಿಯಿಂದ ಒಬ್ಬ ಅಜ್ಜಿ ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಗೇಟಿನ ಬಳಿ ನಿಂತಳು. ಕ್ರೈಸ್ತಳಲ್ಲ, ಆದರೆ ಮಾತೆಯ ಗವಿಗೆ ಮೇಣದಬತ್ತಿ ಹಚ್ಚಲು ಆಗಾಗ ಬರುತ್ತಿದ್ದವಳು. “ಸ್ವಾಮಿ, ಆ ಪೈಪು ಒಂದು ಗಳಿಗೆ ಈ ಕಡೆ ತಿರುಗಿಸಿ, ಎರಡು ಕೊಡ ತುಂಬ್ಕೊಂಡು ಹೋಗ್ತೀನಿ” ಎಂದಳು. ನಾನು ಒರಟಾಗಿ ಮಾತನಾಡಲಿಲ್ಲ. “ಸಂಜೆ ಬನ್ನಿ ಅಜ್ಜಿ, ಕರೆಂಟು ಹೋಗುವುದರೊಳಗೆ ಇದು ಮುಗಿಯಬೇಕು” ಎಂದೆ. ಆಕೆ “ಆಗ್ಲಿ ಸ್ವಾಮಿ” ಎಂದು ಹೊರಟುಹೋದಳು.

ಸಂಜೆ ಆಕೆ ಬರಲಿಲ್ಲ. ಬಂದಿದ್ದರೂ ಕೊಡಲು ನೀರಿರಲಿಲ್ಲ. ಹುಲ್ಲಿಗೆ ಹರಿದ ಮೇಲೆ ಟ್ಯಾಂಕಿಗೆ ಏರಿಸುವಷ್ಟರಲ್ಲಿ ಕರೆಂಟು ಹೋಗಿತ್ತು. ಮೊದಲು ಹೇಳಿದ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿದರೆ, ನನ್ನ ಹುಲ್ಲುಹಾಸು ದಿನಕ್ಕೆ ಕುಡಿಯುತ್ತಿದ್ದುದು ಸುಮಾರು 1,100 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಎಪ್ಪತ್ತಕ್ಕೂ ಹೆಚ್ಚು ಕೊಡ. ಆಕೆ ಕೇಳಿದ್ದು ಎರಡು. ಈ ಲೆಕ್ಕವನ್ನು ನಾನು ಮಾಡಿದ್ದು ಬಹಳ ವರ್ಷಗಳ ನಂತರ. ಅಂದು ಮಾಡಿದ್ದರೆ ಪೈಪು ತಿರುಗಿಸುತ್ತಿದ್ದೆನೇ ಎಂಬುದು ನನಗೇ ಗೊತ್ತಿಲ್ಲ. ಮೇ ತಿಂಗಳಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಹುಲ್ಲು ಹದಿನೈದು ದಿನದಲ್ಲಿ ಚಾಪೆಯಂತಾಯಿತು.

ಮನೆಯೊಡತಿಯ ಪ್ರಶ್ನೆಗೆ ಅಂದು ನನ್ನ ನಾಲಿಗೆ ಏಳದಿದ್ದುದು ಇದಕ್ಕಾಗಿ. ‘ನಮ್ಮ ಜಾಗ, ನಮ್ಮ ಬೋರ್‌ವೆಲ್’ ಎಂಬ ಆಕೆಯ ವಾದವೇ 2003ರಲ್ಲಿ ನನ್ನ ಮನಸ್ಸಿನಲ್ಲೂ ಇತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಆ ವಾದ ಕಾನೂನಿನ ದೃಷ್ಟಿಯಿಂದ ತೀರ ತಪ್ಪೇನಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ನೆಲದ ಒಡೆಯನಿಗೆ ಆ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ನಡೆದುಬಂದಿದೆ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಬಂದು ಅದಕ್ಕೆ ಕೆಲವು ಕಟ್ಟುಪಾಡುಗಳನ್ನು ಹಾಕಿದೆ. ಆದರೆ ನೆಲದಡಿಯ ನೀರಿಗೆ ನಿವೇಶನದ ಗಡಿಕಲ್ಲುಗಳ ಪರಿಚಯವಿಲ್ಲ. ನಮ್ಮ ಬಯಲುಸೀಮೆಯ ಕೆಳಗಿರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ, ಸವೆದ ಮೇಲ್ಪದರದಲ್ಲಿ ನಿಂತ ನೀರೇ ನಮ್ಮ ಅಂತರ್ಜಲ. ನನ್ನ ಬೋರ್‌ವೆಲ್ಲಿಗೆ ಬಂದ ಬಿರುಕೇ ಪಕ್ಕದ ಕೇರಿಯ ಕೈಪಂಪಿನ ಕೆಳಗೂ ಹಾದುಹೋಗಿರುತ್ತದೆ. ಇನ್ನೂರು ಅಡಿಯ ಕೈಪಂಪು ಬತ್ತಿದ ಮೇಲೂ ಎಂಟುನೂರು ಅಡಿಯ ಬೋರ್‌ವೆಲ್ ಸ್ವಲ್ಪ ಕಾಲ ಉಸಿರಾಡುತ್ತದೆ. ಹಣವುಳ್ಳವನು ಆಳಕ್ಕೆ ಹೋಗಬಲ್ಲ. ಬಡವನ ನೀರು ಮೊದಲು ಬತ್ತುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿಯನ್ನು ಮೀರಿ ಕೊರೆದವರ ಕಥೆ ನಿಮಗೆಲ್ಲ ತಿಳಿದದ್ದೇ.

ಸಂತ ತೋಮಸ್ ಅಕ್ವಿನಾಸರು ಆಸ್ತಿಯ ಪ್ರಶ್ನೆಯನ್ನು ಎತ್ತಿಕೊಂಡಾಗ ಒಂದು ಸೂಕ್ಷ್ಮ ಭೇದವನ್ನು ಮಾಡುತ್ತಾರೆ. ವಸ್ತುಗಳನ್ನು ಸಂಪಾದಿಸುವ, ನಿರ್ವಹಿಸುವ ವಿಷಯದಲ್ಲಿ ಮನುಷ್ಯನಿಗೆ ಸ್ವಂತದ್ದೆಂಬುದು ಇರಬಹುದು, ಇರುವುದು ಒಳ್ಳೆಯದೂ ಹೌದು. ಆದರೆ ಅವುಗಳ ಬಳಕೆಯ ವಿಷಯದಲ್ಲಿ ಅವನು ಅವನ್ನು ತನ್ನದೆಂದಲ್ಲ, ಎಲ್ಲರದೆಂದು ಭಾವಿಸಿ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎನ್ನುತ್ತಾರೆ. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವನು ನಾನು. ಪೈಪು ಹಿಡಿದು ನಿಂತಾಗ ಅದು ನೆನಪಿಗೆ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಪ್ರಕಟಿಸಿದ ‘ಲೌದಾತೊ ಸೀ’ ಪರಿಪತ್ರದಲ್ಲಿ ಇದೇ ಬೋಧನೆಯನ್ನು ನೀರಿಗೆ ಅನ್ವಯಿಸಿ, ಶುದ್ಧವಾದ ಕುಡಿಯುವ ನೀರನ್ನು ಪಡೆಯುವುದು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದ್ದಾರೆ.

ಪವಿತ್ರ ಬೈಬಲ್ಲಿನಲ್ಲಿ ಕೈತೋಟದ ಆಸೆಯಿಂದ ಆರಂಭವಾಗುವ ಭಯಂಕರ ಕಥೆಯೊಂದಿದೆ. ಅರಸ ಅಹಾಬನಿಗೆ ಅರಮನೆಯ ಪಕ್ಕದಲ್ಲಿ ಒಂದು ತರಕಾರಿ ತೋಟ ಬೇಕೆನಿಸಿತು. ಅದಕ್ಕೆ ಒಪ್ಪುವ ಜಾಗ ನಾಬೋತನ ದ್ರಾಕ್ಷಿತೋಟ. ನಾವು ಈ ಕಥೆಯಲ್ಲಿ ಈಜೆಬೆಲಳ ಕುತಂತ್ರವನ್ನೂ ಸುಳ್ಳು ಸಾಕ್ಷಿಗಳನ್ನೂ ಕಲ್ಲೆಸೆತವನ್ನೂ ನೆನಪಿಟ್ಟುಕೊಳ್ಳುತ್ತೇವೆ. ಮೊದಲ ಆಸೆ ಎಷ್ಟು ನಿರಪಾಯಕರವಾಗಿತ್ತೆಂಬುದನ್ನು ಮರೆಯುತ್ತೇವೆ. ಅರಸ ಚಿನ್ನವನ್ನೋ ಯುದ್ಧವನ್ನೋ ಬಯಸಲಿಲ್ಲ, ಮನೆಯ ಹತ್ತಿರ ಸ್ವಲ್ಪ ಹಸಿರನ್ನು ಬಯಸಿದ. ನ್ಯಾಯವಾದ ಬೆಲೆಯನ್ನೂ ಬದಲಿಗೆ ಇನ್ನೂ ಒಳ್ಳೆಯ ತೋಟವನ್ನೂ ಕೊಡಲು ಮುಂದಾದ. ನಾವು ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಕೈಪಂಪಿನವರಿಂದ ನೀರು ಪಡೆಯುವಾಗ ನಾವು ಬೆಲೆಯ ಮಾತನ್ನೂ ಆಡುವುದಿಲ್ಲ; ಕೇಳುವುದೂ ಇಲ್ಲ. ಪಡೆಯುತ್ತಿದ್ದೇವೆಂಬ ಅರಿವೂ ನಮಗಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕಾಗಿದೆ, ಏಕೆಂದರೆ ಅದು ಶುಭಸಂದೇಶದಿಂದಲೇ ಬರುವಂಥದ್ದು. ಬೆಥಾನಿಯದ ಮರಿಯಳು ಬೆಲೆಬಾಳುವ ಸುಗಂಧತೈಲವನ್ನು ಪ್ರಭುವಿನ ಪಾದಗಳಿಗೆ ಸುರಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಗೊಣಗಿದವನು ಯೂದ. ಪ್ರಭು ಸಮರ್ಥಿಸಿದ್ದು ಮರಿಯಳನ್ನು. ಹಾಗಾದರೆ ಮಾತೆಯ ಗವಿಯ ಮುಂದಿನ ಹುಲ್ಲೂ ಒಂದು ಸುಗಂಧತೈಲವಲ್ಲವೇ? ಸಂಸಾರದ ದಣಿವಿನಲ್ಲಿ ಸಂಜೆ ಹಸಿರು ನೋಡಿ ಕಣ್ಣು ತಂಪು ಮಾಡಿಕೊಳ್ಳುವವರಿಗೆ ಲೀಟರಿನ ಲೆಕ್ಕ ಒಪ್ಪಿಸುವುದು ಯೂದನ ಬುದ್ಧಿಯಲ್ಲವೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಸೌಂದರ್ಯ ದುಂದುಗಾರಿಕೆಯಲ್ಲ, ದೇವರೇ ಚಿಟ್ಟೆಯ ರೆಕ್ಕೆಗೆ ಎಷ್ಟು ಬಣ್ಣ ಖರ್ಚು ಮಾಡಿದ್ದಾರೆ ನೋಡಿ! ಉಪಯೋಗವನ್ನಷ್ಟೇ ಅಳೆಯುವ ಧರ್ಮ ಒಣಧರ್ಮ. ಆದರೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಮರಿಯಳು ಸುರಿದದ್ದು ತನ್ನದನ್ನು. ಆಕೆಯ ತೈಲದಿಂದ ಯಾರ ಮನೆಯ ದೀಪವೂ ಆರಲಿಲ್ಲ. ನಾನು ಗವಿಯ ಮುಂದೆ ಸುರಿದದ್ದು ಅಜ್ಜಿಯ ಎರಡು ಕೊಡಗಳನ್ನು. ಅನ್ಯರದನ್ನು ಸುರಿದು ಭಕ್ತಿಯೆನ್ನುವುದು ನನ್ನಿಂದಾಗದು. ಹಾಗಿರುವಾಗ ಪ್ರಶ್ನೆ ಬದಲಾಗುತ್ತದೆ: ಹೂವು ಬೇಕೇ ಬೇಡವೇ ಎಂಬುದಲ್ಲ, ಯಾರ ಕೊಡವನ್ನೂ ಮುಟ್ಟದೆ ಅರಳುವ ಹೂವು ಯಾವುದು ಎಂಬುದು.

ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸುವಾಗ ಸೊಲೊಮೋನನ ವೈಭವಕ್ಕಿಂತ ಹೆಚ್ಚೆಂದು ತೋರಿಸಿದ್ದು ಅರಮನೆಯ ಉದ್ಯಾನದ ಹೂಗಳನ್ನಲ್ಲ, ಬಯಲಿನ ಹೂಗಳನ್ನು. ಚಳಿಗಾಲದ ಮಳೆಯ ನಂತರ ಗಲಿಲೇಯದ ಗುಡ್ಡಗಳಲ್ಲಿ ತಾವಾಗಿ ಅರಳುವ ಕೆಂಪು ಹೂಗಳೇ ಅವು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅವುಗಳಿಗೆ ನೀರೆರೆದವರಿಲ್ಲ. ಬೇಸಿಗೆ ಬಂದೊಡನೆ ಅವು ಒಣಗಿ ಒಲೆಗೆ ಹೋಗುತ್ತವೆಂಬುದನ್ನೂ ಪ್ರಭು ಅದೇ ಉಸಿರಿನಲ್ಲಿ ಹೇಳುತ್ತಾರೆ. ಅವು ಒಣಗುವುದು ಅವರ ಕಣ್ಣಿಗೆ ಕೊರತೆಯಾಗಿ ಕಾಣಲಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಅಗೆಯದೆ ಹಾಗೆಯೇ ಬಿಡಬೇಕೆಂದು ಸಹೋದರರಿಗೆ ಹೇಳುತ್ತಿದ್ದರು, ಕಾಡುಹೂಗಳೂ ಗಿಡಮೂಲಿಕೆಗಳೂ ಅಲ್ಲಿ ತಾವಾಗಿ ಬೆಳೆಯಲೆಂದು.

ನಮ್ಮ ಬಯಲಿನ ಹೂಗಳು ಯಾವುವು? ಇದನ್ನು ತಿಳಿಯಲು ನರ್ಸರಿಗೆ ಹೋಗುವ ಮೊದಲು ನಿಮ್ಮ ಊರಿನ ಹಳೆಯ ಸಮಾಧಿಭೂಮಿಗೆ ಹೋಗಿ ಎಂಬುದು ನನ್ನ ಸಲಹೆ. ತಮಾಷೆಯಲ್ಲ. ನವೆಂಬರ್ 2ರಂದು ಮೃತರ ಸ್ಮರಣೆಯ ದಿನ ನಾವು ಅಲ್ಲಿ ಗುಡಿಸಿ, ಹೂವಿಟ್ಟು ಬಂದರೆ ಮತ್ತೆ ಮುಂದಿನ ನವೆಂಬರಿನವರೆಗೆ ಆ ಕಡೆ ಯಾರೂ ತಲೆಹಾಕುವುದಿಲ್ಲ. ಅಲ್ಲಿಯ ಬೇಲಿಯಂಚಿನಲ್ಲಿ ಮೇ ತಿಂಗಳಲ್ಲೂ ಹಸಿರಾಗಿರುವ ಗಿಡ ಯಾವುದೋ ಅದು ಯಾರ ದಯೆಯನ್ನೂ ಬೇಡದೆ ಬದುಕಿದ್ದು. ನಾನು ಸೇವೆ ಸಲ್ಲಿಸಿದ ಒಣಪ್ರದೇಶಗಳ ಸಮಾಧಿಭೂಮಿಗಳಲ್ಲಿ ಕಂಡ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ತಂಗಡಿ, ಕೆಲವೆಡೆ ಆವರಿಕೆ ಎನ್ನುತ್ತಾರೆ. ಆಳೆತ್ತರದ ಪೊದೆ, ಗೊಂಚಲು ಗೊಂಚಲು ಅಚ್ಚ ಹಳದಿ ಹೂವು. ಇದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು. ಹಳದಿ ಚಿಟ್ಟೆಗಳು ಇದರ ಜಾತಿಯ ಗಿಡಗಳ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ; ಹುಳುಗಳು ಒಂದಷ್ಟು ಎಲೆ ತಿನ್ನುತ್ತವೆ, ತಿನ್ನಲಿ ಬಿಡಿ. ನೆರೆಯ ತೆಲಂಗಾಣ ಇದನ್ನೇ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ. ನಮ್ಮಲ್ಲಿ ರಸ್ತೆಬದಿಯ ಗಿಡವೆಂದು ಇದಕ್ಕೆ ಮರ್ಯಾದೆಯಿಲ್ಲ. ನರ್ಸರಿಯಲ್ಲಿ ಕೇಳಿದರೆ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ.

ಆಡುಸೋಗೆ ಇನ್ನೊಂದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಈ ಗಿಡವೊಂದು ಅಪವಾದ; ಇದರ ಕಹಿಗೆ ಆಡೂ ಮೂತಿ ತಿರುಗಿಸುತ್ತದೆ. ಬಿಳಿ ಹೂವು, ದಟ್ಟ ಹಸಿರೆಲೆ, ಕೆಮ್ಮಿಗೆ ಅಜ್ಜಿಯರು ಮಾಡಿಕೊಡುತ್ತಿದ್ದ ಕಷಾಯ. ಬೇಲಿಗೆ ಲಕ್ಕಿಗಿಡ ಒಳ್ಳೆಯದು. ಅದರ ಒಣ ಎಲೆಯ ಹೊಗೆ ಸೊಳ್ಳೆಗೆ, ಹಸಿ ಎಲೆಯ ಹಬೆ ನೆಗಡಿಗೆ. ಮುಳ್ಳುಬೇಲಿಯೇ ಬೇಕೆಂದರೆ ಕವಳಿ ಹಾಕಿ, ಉಪ್ಪಿನಕಾಯಿಗೆ ಹಣ್ಣು ಸಿಗುತ್ತದೆ. ಪೀಠದ ಹೂವಿಗೆ ಕಾಕಡ. ಸ್ವಲ್ಪ ಜಾಗ ಹೆಚ್ಚಿದ್ದರೆ ಪಾರಿಜಾತ. ಬೆಳಗಿನ ಬಲಿಪೂಜೆಗೆ ಹೊರಡುವ ಹೊತ್ತಿಗೆ ಅದರ ಹೂವು ನೆಲದ ಮೇಲೆ ಹಾಸಿರುತ್ತದೆ. ಹುಲ್ಲುಹಾಸಿಗಿಂತ ಒಳ್ಳೆಯ ಹಾಸು.

ಹೊಂಗೆ, ಬೇವು, ಕಕ್ಕೆ, ಮುತ್ತುಗಗಳನ್ನು ಮೂವತ್ತು ನಲವತ್ತರ ನಿವೇಶನದಲ್ಲಿ ನೆಡಬೇಡಿ. ಅವು ಮರಗಳು, ಗೋಡೆಗೂ ನೆರೆಯವರಿಗೂ ತೊಂದರೆ. ಆದರೆ ದೇವಾಲಯದ ಆವರಣಕ್ಕೆ, ಶಾಲೆಯ ಮೈದಾನಕ್ಕೆ ಅವಕ್ಕಿಂತ ಬೇರೆ ಬೇಕಿಲ್ಲ. ಹೊಂಗೆಯ ಒಂದು ಗುಣ ನನ್ನನ್ನು ಪ್ರತಿವರ್ಷವೂ ಬೆರಗುಗೊಳಿಸುತ್ತದೆ: ಮಳೆ ಬರುವುದಕ್ಕೆ ಇನ್ನೂ ಎರಡು ತಿಂಗಳಿರುವಾಗ, ನೆಲ ಕಾದ ಹೆಂಚಿನಂತಿರುವಾಗ, ಅದು ಹೊಸ ಚಿಗುರು ಬಿಟ್ಟು ನೆರಳು ಕೊಡುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹೊಂಗೆ, ಬೇವು, ನೆಲ್ಲಿಯ ಸಸಿಗಳು ಕಡಿಮೆ ಬೆಲೆಗೆ ಸಿಗುತ್ತವೆ.

‘ನಮ್ಮ ನೆಲದ ಗಿಡ’, ‘ಪರದೇಶದ ಗಿಡ’ ಎಂಬ ಮಾತನ್ನು ಆಡುವಾಗ ಮಾತ್ರ ನನಗೆ ಸ್ವಲ್ಪ ಅಳುಕು. ನಮ್ಮ ವಿಶ್ವಾಸವನ್ನೇ ಪರದೇಶದ್ದೆಂದು ಕರೆಸಿಕೊಂಡವರು ನಾವು. ಆ ಪದ ಎಷ್ಟು ಸುಲಭವಾಗಿ ಮನುಷ್ಯರ ಮೇಲೆ ಬೀಳುತ್ತದೆಂದು ಬಲ್ಲೆವು. ನಮ್ಮ ಹುಣಸೆಯ ಮೂಲ ಆಫ್ರಿಕ; ಅರಬರು ಅದನ್ನು ಹಿಂದುಸ್ತಾನದ ಖರ್ಜೂರವೆಂದು ಕರೆದು ಹೆಸರಿನಲ್ಲೇ ನಮ್ಮದಾಗಿಸಿದರು. ಸಾರಿನ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದದ್ದು. ಸೀತಾಫಲವೂ ಸಮುದ್ರ ದಾಟಿ ಬಂದದ್ದೇ. ಯಾರೂ ಇವನ್ನು ಕಿತ್ತೆಸೆಯಬೇಕಿಲ್ಲ. ಇನ್ನೊಂದು ಕಡೆ ಬಳ್ಳಾರಿ ಜಾಲಿಯನ್ನು ನೋಡಿ. ಅದೂ ಅಮೆರಿಕ ಖಂಡದಿಂದ ತಂದದ್ದು. ಬರವನ್ನು ತಾಳುವುದರಲ್ಲಿ ಅದನ್ನು ಮೀರಿಸುವ ಗಿಡವಿಲ್ಲ. ಒಣ ನೆಲವನ್ನು ಹಸಿರಾಗಿಸಲು, ಸೌದೆಗೆ ಎಂದು ಬೆಳೆಸಿದರು. ಆಡು, ದನಗಳು ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿದವು. ಇಂದು ಎಷ್ಟೋ ಕೆರೆಯಂಗಳಗಳಲ್ಲಿ ಅದರದೇ ಕಾಡು. ಅದರಡಿಯಲ್ಲಿ ಬೇರೊಂದು ಗಿಡ ತಲೆಯೆತ್ತುವುದು ಕಷ್ಟ. ಆದ್ದರಿಂದ ಬರ ತಾಳುತ್ತದೆಯೇ ಎಂಬ ಒಂದೇ ಪ್ರಶ್ನೆ ಸಾಲದು. ಬಂದದ್ದು ಎಲ್ಲಿಂದ ಎಂಬುದಕ್ಕಿಂತ, ನೆರೆಯವರೊಡನೆ ಹೇಗೆ ಬಾಳುತ್ತದೆ ಎಂದು ಕೇಳಬೇಕು. ಈ ನೆಲದಲ್ಲೇ ಹುಟ್ಟಿದ ಗಿಡಗಳನ್ನು ನಾನು ಮೊದಲು ಸೂಚಿಸುವುದು ಅಭಿಮಾನಕ್ಕಲ್ಲ. ಇಲ್ಲಿಯ ಹಕ್ಕಿ, ಜೇನು, ಚಿಟ್ಟೆಗಳಿಗೂ ಇಲ್ಲಿಯ ಬರಕ್ಕೂ ಅವುಗಳ ಪರಿಚಯ ಹಳೆಯದು ಎಂಬ ಕಾರಣಕ್ಕೆ. ಕಾಗದದ ಹೂವಿನ ಬಳ್ಳಿ ನಿಮ್ಮ ಗೇಟಿನ ಮೇಲಿದ್ದರೆ ಇರಲಿ. ಅದು ಕಡಿಮೆ ನೀರಿನಲ್ಲಿ ಬದುಕುತ್ತದೆ, ಯಾರ ಹೊಲವನ್ನೂ ನುಂಗುವುದಿಲ್ಲ.

ಒಂದು ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಇಂಥ ತೋಟ ವರ್ಷವಿಡೀ ಚಿತ್ರದಲ್ಲಿರುವಂತೆ ಇರುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕೆಲವು ಗಿಡಗಳು ಎಲೆ ಉದುರಿಸುತ್ತವೆ, ಕೆಲವು ಮುದುಡುತ್ತವೆ, ನಡುನಡುವೆ ಮಣ್ಣು ಕಾಣುತ್ತದೆ. ಬಂದ ನೆಂಟರು ಏನೆಂದುಕೊಂಡಾರು ಎಂಬ ಸಂಕೋಚವಾಗುತ್ತದೆ. ಆದರೆ ಬೋಳಾಗಿರುವುದನ್ನು ಸಹಿಸುವುದು ಕಥೋಲಿಕರಾದ ನಮಗೆ ಹೊಸತಲ್ಲ. ತಪಸ್ಸುಕಾಲದಲ್ಲಿ ಬಲಿಪೀಠವನ್ನು ಹೂಗಳಿಂದ ಅಲಂಕರಿಸಬಾರದೆಂಬುದು ಧರ್ಮಸಭೆಯ ನಿಯಮ; ನಾಲ್ಕನೆಯ ಭಾನುವಾರಕ್ಕೂ ಮಹೋತ್ಸವ, ಹಬ್ಬಗಳಿಗೂ ಮಾತ್ರ ವಿನಾಯಿತಿ. ಆ ನಲವತ್ತು ದಿನ ಪೀಠ ಬರಿದಾಗಿರುವುದನ್ನು ಕಂಡು ದೇವಾಲಯ ಹಾಳಾಯಿತೆಂದು ಯಾರೂ ದೂರುವುದಿಲ್ಲ. ನಮ್ಮ ನೆಲದ ತಪಸ್ಸುಕಾಲವೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಬರುತ್ತದೆ. ಆಗಲೇ ಎಲೆಯೊಂದೂ ಇಲ್ಲದ ಮುತ್ತುಗದ ಕೊಂಬೆಗಳಲ್ಲಿ ಕೆಂಡದಂಥ ಹೂವು ಬಿಡುತ್ತದೆ. ಅದಕ್ಕೆ ವಿನಾಯಿತಿ ಕೊಟ್ಟವರು ಯಾರೋ!

ನೆಡುವವರಿಗೆ ಎರಡು ಮಾತು. ಬರ ತಾಳುವ ಗಿಡವೆಂದರೆ ನೆಟ್ಟ ದಿನದಿಂದಲೇ ತಾಳುತ್ತದೆಂದಲ್ಲ. ಬೇರು ಆಳಕ್ಕಿಳಿಯುವವರೆಗೆ, ಅಂದರೆ ಮೊದಲ ಒಂದೆರಡು ಬೇಸಿಗೆ, ಅದಕ್ಕೂ ನೀರು ಬೇಕು. ಬೇಸಿಗೆಯಲ್ಲಿ ನೆಟ್ಟು ಕೊಲ್ಲಬೇಡಿ. ಮುಂಗಾರು ಹಿಡಿದ ಮೇಲೆ ನೆಡಿ. ಬುಡಕ್ಕೆ ಒಣ ಎಲೆ, ಹುಲ್ಲು, ತೆಂಗಿನ ನಾರಿನ ಹೊದಿಕೆ ಹಾಕಿ. ಬುಡದ ಪಕ್ಕದಲ್ಲಿ ಸುಟ್ಟ ಮಣ್ಣಿನ ಹಳೆಯ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಮೇಲೆ ಮುಚ್ಚಳವಿಟ್ಟರೆ ನೀರು ತಾನಾಗಿ ಒಸರುತ್ತಾ ಬೇರಿಗೆ ಹೋಗುತ್ತದೆ. ಆವಿಯಾಗಿ ಹಾಳಾಗುವುದು ಬಹಳ ಕಡಿಮೆ. ಅಕ್ಕಿ, ತರಕಾರಿ ತೊಳೆದ ನೀರು ಸಾಕು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕಿದರೆ ಬೇರೂ ಆಳಕ್ಕೆ ಹೋಗುತ್ತದೆ. ನುಗ್ಗೆ, ಕರಿಬೇವು ಹೇಗೂ ಇರಲಿ. ಅವುಗಳ ಬಗ್ಗೆ ನಮ್ಮ ತಾಯಂದಿರಿಗೆ ನಾನು ಹೇಳಿಕೊಡಬೇಕಾದದ್ದೇನಿಲ್ಲ.

ಆ ಮನೆಯೊಡತಿಗೆ ಮೊನ್ನೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅಜ್ಜಿಯ ವಿಷಯವನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಫಾದರ್, ನಮ್ಮ ಮಗು ಈಗಷ್ಟೇ ನಡೆಯಲು ಕಲಿಯುತ್ತಿದೆ, ಬಿದ್ದರೆ ಹುಲ್ಲಿನ ಮೇಲೇ ಬೀಳಲಿ ಅಂತ ಇವರ ಆಸೆ” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮಗುವಿನ ಮೊಣಕಾಲಿನ ಎದುರು ಅಕ್ವಿನಾಸರನ್ನು ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ. ಈ ಬೇಸಿಗೆಗೆ ಅರ್ಧ ಹುಲ್ಲು ಉಳಿಸಿಕೊಂಡು ಉಳಿದರ್ಧದಲ್ಲಿ ತಂಗಡಿ, ಆಡುಸೋಗೆ ಹಾಕುವುದೆಂದು ಅವರಿಬ್ಬರೂ ತೀರ್ಮಾನಿಸಿದ್ದಾರೆ. ಬೋರ್‌ವೆಲ್ಲಿನಿಂದ ಗೇಟಿನಾಚೆಗೆ ಒಂದು ನಲ್ಲಿ ಹಾಕಿಸುವ ವಿಚಾರವನ್ನು ಆಕೆಯೇ ಎತ್ತಿದರು. ಪಕ್ಕದಲ್ಲಿ ಕಟ್ಟಡ ಕೆಲಸದವರ ಶೆಡ್ಡುಗಳಿವೆಯಂತೆ.

ತಂಗಡಿಯ ಬೀಜ ನರ್ಸರಿಗಳಲ್ಲಿ ಸಿಗುವುದು ಅಪರೂಪ. ನಮ್ಮ ಸಮಾಧಿಭೂಮಿಯ ಬೇಲಿಯಿಂದ ಒಣಗಿದ ಕಾಯಿಗಳನ್ನು ಬಿಡಿಸಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ನಮ್ಮ ಧರ್ಮಕೇಂದ್ರದವರು ಭಾನುವಾರ ಎರಡನೆಯ ಬಲಿಪೂಜೆಯ ನಂತರ ಗುರುನಿವಾಸದಲ್ಲಿ ಕೇಳಿ ಪಡೆಯಬಹುದು. ಲಕೋಟೆ ಮಾತ್ರ ನೀವೇ ತನ್ನಿ.